ಸೋತವನಿಗೂ ಒಂದು ಭಾನುವಾರ

ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಒಂದು ಕಪ್ ಇದೆ. ಭದ್ರಾವತಿಯಲ್ಲಿ ನಾವು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮಣ್ಣನ ತಂಡ ಫುಟ್‌ಬಾಲಿನಲ್ಲಿ ಗೆದ್ದು ತಂದದ್ದು. ಈಗ ಅದರೊಳಗೆ ಸೇಫ್ಟಿ ಪಿನ್ನು, ಮುಗಿದ ಸೆಲ್ಲು, ಯಾವ ಬೀಗಕ್ಕೂ ಹೊಂದದ ಎರಡು ಬೀಗದ ಕೈ ಇವೆ. ಯಾರ ಮೇಲೆ ಗೆದ್ದಿರಿ ಎಂದು ಅಣ್ಣನನ್ನು ಕೇಳಿದರೆ ಯೋಚಿಸುತ್ತಾನೆ. ಎಷ್ಟು ಗೋಲಿನಿಂದ ಎಂದರೆ ನಗುತ್ತಾನೆ. ಬಹುಮಾನ ಕೊಟ್ಟವರು ಎಷ್ಟು ಹೊತ್ತು ಭಾಷಣ ಮಾಡಿದರು ಎಂಬುದು ಮಾತ್ರ ಅವನಿಗೆ ಚೆನ್ನಾಗಿ ನೆನಪಿದೆ.

ನಮ್ಮ ಕಡೆಯ ಫುಟ್‌ಬಾಲಿನ ಮೇಲೆ ನನಗಿರುವ ತಕರಾರೆಲ್ಲ ಆ ಕಪ್‌ನೊಳಗೇ ಇದೆ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ನನ್ನ ಕಣ್ಣಿಗೆ ಬೀಳುವ ಫಲಕಗಳೆಲ್ಲ ಪಂದ್ಯಾವಳಿಯವು. ‘ಹೊನಲು ಬೆಳಕಿನ’, ‘ರಾಜ್ಯಮಟ್ಟದ’, ‘ಸ್ಮರಣಾರ್ಥ’. ಆಟಗಾರನ ಚಿತ್ರ ಒಂದಾದರೆ ದಾನಿಗಳದು ಹದಿನಾರು. ಎರಡು ದಿನ ಮೈದಾನಕ್ಕೆ ಜಾತ್ರೆಯ ಕಳೆ. ಮೂರನೆಯ ದಿನ ಶಾಮಿಯಾನ ಬಿಚ್ಚಿದ ಮೇಲೆ ಉಳಿಯುವುದು ಗೂಟ ಕಿತ್ತ ಗುಂಡಿಗಳು. ನಾನು ಹೇಳುವುದಿಷ್ಟೇ: ಇದರಿಂದ ಜಾತ್ರೆ ಆಗುತ್ತದೆ, ಫುಟ್‌ಬಾಲ್ ಬೆಳೆಯುವುದಿಲ್ಲ. ಊರಿಗೆ ಬೇಕಾದದ್ದು ಲೀಗ್.

ಲೆಕ್ಕವನ್ನೇ ಹಾಕೋಣ. 16 ತಂಡಗಳ ನಾಕೌಟ್ ಪಂದ್ಯಾವಳಿಯಲ್ಲಿ ಒಟ್ಟು 15 ಆಟ. ಮೊದಲ ಸುತ್ತಿಗೇ 8 ತಂಡಗಳು, ಅಂದರೆ ಬಂದವರಲ್ಲಿ ಅರ್ಧ ಜನ, ಒಂದೇ ಆಟ ಆಡಿ ಬಸ್ ಹತ್ತುತ್ತಾರೆ. ಬದಲಿಗೆ 8 ತಂಡಗಳನ್ನಷ್ಟೇ ಇಟ್ಟುಕೊಂಡು ಲೀಗ್ ಮಾಡಿ. ಪ್ರತಿ ತಂಡವೂ ಉಳಿದ ಏಳರೊಡನೆ ತನ್ನ ಮೈದಾನದಲ್ಲೊಮ್ಮೆ, ಅವರ ಮೈದಾನದಲ್ಲೊಮ್ಮೆ ಆಡಿದರೆ ತಲಾ 14 ಆಟ, ಒಟ್ಟು 56. ಗೆದ್ದವನಿಗೂ 14, ಕಟ್ಟಕಡೆಯವನಿಗೂ 14. ಇಂಗ್ಲೆಂಡಿನವರು 1888ರಲ್ಲಿ 12 ಕ್ಲಬ್ಬುಗಳನ್ನು ಸೇರಿಸಿ ಮಾಡಿದ್ದು ಇದನ್ನೇ. ಕಪ್ ಪಂದ್ಯಗಳು ಅವರಲ್ಲಿ ಮೊದಲೇ ಇದ್ದವು. ಬೇಗ ಸೋತ ತಂಡಕ್ಕೆ ಮುಂದಿನ ಶನಿವಾರ ಯಾರೊಡನೆ ಆಡುವುದು ಎಂಬುದೇ ಗೊತ್ತಿರುತ್ತಿರಲಿಲ್ಲ. ಲೀಗ್ ಹುಟ್ಟಿದ್ದು ಆ ತಾಪತ್ರಯದಿಂದ.

ನನಗೆ ಇದು ಬರಿಯ ಲೆಕ್ಕವಲ್ಲ. ಹೈಸ್ಕೂಲಿನ ಕೊನೆಯ ವರ್ಷದಲ್ಲಿ ನಮ್ಮ ಬೀದಿಯ ಹುಡುಗರೆಲ್ಲ ಸೇರಿ ಒಂದು ತಂಡ ಕಟ್ಟಿದ್ದೆವು. ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮನೆಮಾತಿನವರು, ಕನ್ನಡದವರು ನಾವು. ಕಾರ್ಖಾನೆಯ ಊರಲ್ಲವೇ, ಬೈಯಲು ಐದು ಭಾಷೆ! ಮಳೆಗಾಲವಿಡೀ ಕೆಸರಿನಲ್ಲಿ ಬಿದ್ದೆದ್ದು, ದಸರಾ ರಜೆಯಲ್ಲಿ ಒಂದು ಪಂದ್ಯಾವಳಿಗೆ ಹೋದೆವು. ಮೊದಲ ಆಟ ಇನ್ನೇನು ಮುಗಿಯಬೇಕು, ಸುಮ್ಮನೆ ಉರುಳಿಕೊಂಡು ಬಂದ ಚೆಂಡು ನಮ್ಮ ಗೋಲ್‌ಕೀಪರನ ಕೈ ಜಾರಿ ಕಾಲ ಸಂದಿಯಲ್ಲಿ ಒಳಗೆ ಹೋಯಿತು. ಒಂದು–ಸೊನ್ನೆ. ನಾಲ್ಕು ತಿಂಗಳ ಬೆವರು ಒಂದು ಗಂಟೆಯಲ್ಲಿ ಮುಗಿಯಿತು.

ಅವನು ಒಳ್ಳೆಯ ಗೋಲ್‌ಕೀಪರ್. ಮುಂದಿನ ಭಾನುವಾರ ಒಂದು ಆಟ ಇದ್ದಿದ್ದರೆ, ಎರಡು ಚೆಂಡು ಹಾರಿ ಹಿಡಿದು ಎಲ್ಲವನ್ನೂ ಮರೆಸಿಬಿಡುತ್ತಿದ್ದ. ಆದರೆ ಮುಂದಿನ ಆಟ ಮುಂದಿನ ವರ್ಷ. ಅಲ್ಲಿಯವರೆಗೆ ಅವನು ಅಂಗಡಿಗೆ ಹೋದರೂ ನಲ್ಲಿಯ ಹತ್ತಿರ ನಿಂತರೂ, “ಕಾಲು ಕೂಡಿಸಿ ನಿಂತ್ಕೊಳೋ” ಎಂದು ಜನ ನಗುತ್ತಿದ್ದರು. ನಾನೂ ಒಂದೆರಡು ಸಲ ಅಂದಿದ್ದೇನೆ. ಅವನು ಮತ್ತೆ ಮೈದಾನಕ್ಕೆ ಬರಲಿಲ್ಲ.

ಅದೇ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಆ ಎರಡನೆಯ ಇನಿಂಗ್ಸ್ ಇಲ್ಲದಿದ್ದರೆ ಆ ಟೆಸ್ಟಿನಿಂದ ಅವರ ಹೆಸರಿಗೆ ಉಳಿಯುತ್ತಿದ್ದುದು ಸೊನ್ನೆಯೊಂದೇ. ನಮ್ಮ ಗೋಲ್‌ಕೀಪರನಿಗೆ ಅದು ಸಿಗಲಿಲ್ಲ.

‘ಏನೇ ಹೇಳಿ, ಹೆಸರು ಬರುವುದು ಕಪ್‌ನಿಂದಲೇ’ ಎನ್ನುವವರು 1911ರ ಕಥೆ ತೆಗೆಯುತ್ತಾರೆ. ಆ ವರ್ಷದ ಜುಲೈ 29ರಂದು ಕಲ್ಕತ್ತೆಯಲ್ಲಿ, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ ಆಡಿದ ಮೋಹನ್ ಬಾಗಾನ್ ತಂಡ, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದಿತು. ದೊಡ್ಡ ಗೆಲುವೇ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಊರಿನಲ್ಲಿ 1898ರಿಂದ ಒಂದು ಲೀಗ್ ನಡೆಯುತ್ತಿತ್ತಲ್ಲ, ಅದರ ಕಥೆಯನ್ನು ಇವರು ಹೇಳುವುದಿಲ್ಲ. ಷೀಲ್ಡ್ ಗೆದ್ದ ತಂಡಕ್ಕೆ ಆ ಲೀಗಿನ ಬಾಗಿಲು ತೆರೆದದ್ದು 1914ರಲ್ಲಿ, ಅದೂ ಎರಡನೆಯ ವಿಭಾಗಕ್ಕೆ. ಮೊದಲ ವಿಭಾಗಕ್ಕೆ ಬಂದದ್ದು 1915ರಲ್ಲಿ. ಗೆದ್ದದ್ದು 1939ರಲ್ಲಿ! ಷೀಲ್ಡಿನಿಂದ ಲೀಗಿಗೆ 28 ವರ್ಷ. ಒಂದು ಮಧ್ಯಾಹ್ನದ ಕೆಚ್ಚು ಒಂದು ಬಗೆ. ಆಷಾಢದ ಮಳೆಯಲ್ಲಿ, ಬೂಟಿನವರ ಎದುರು, ಜಾರುವ ನೆಲದ ಮೇಲೆ ಬರಿಗಾಲೂರಿ ಮತ್ತೆ ಮತ್ತೆ ನಿಲ್ಲುವುದು ಬೇರೆಯೇ ಬಗೆ. ಆ ಲೀಗನ್ನು ಗೆದ್ದ ಮೊದಲ ಭಾರತೀಯ ತಂಡ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ಸಲ.

ಇನ್ನೊಂದು ಸಂಗತಿ. ಮೊದಲ ವಿಭಾಗದಲ್ಲಿ ಭಾರತೀಯರ ಕ್ಲಬ್ಬುಗಳು ಎರಡಕ್ಕಿಂತ ಹೆಚ್ಚಿರಕೂಡದು ಎಂದು ಬಿಳಿಯರು ಆಗ ನಿಯಮ ಮಾಡಿಟ್ಟಿದ್ದರು. 1924ರಲ್ಲಿ ಈಸ್ಟ್ ಬೆಂಗಾಲ್ ಎರಡನೆಯ ವಿಭಾಗದ ತುದಿಗೆ ಬಂದು ನಿಂತಿತು. ಜಗಳವಾಯಿತು. 1925ರ ಹೊತ್ತಿಗೆ ನಿಯಮ ಬಿತ್ತು, ಈಸ್ಟ್ ಬೆಂಗಾಲ್ ಮೇಲೆ ಬಂತು. ಒಂದು ಆಟದ ಗೆಲುವಾಗಿದ್ದರೆ ಅದೃಷ್ಟ ಎಂದು ತಳ್ಳಿಹಾಕಬಹುದಿತ್ತು. ಇಡೀ ಋತುವಿನ ಅಂಕಪಟ್ಟಿಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ನಮ್ಮ ರಾಜ್ಯದ ಹೆಮ್ಮೆಯನ್ನೂ ನಾನು ಮರೆತಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೂ 1938ರಲ್ಲೂ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು 54 ವರ್ಷಗಳ ನಂತರ, 2023ರಲ್ಲಿ, ಕರ್ನಾಟಕ ಮತ್ತೆ ಗೆದ್ದಿತು. ಇವೆಲ್ಲ ಪಂದ್ಯಾವಳಿಗಳೇ, ಒಪ್ಪಿದೆ. ಆದರೆ ಇಂಥ ಆಟಗಾರರು ಪಂದ್ಯಾವಳಿಯಲ್ಲಿ ಹುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಲೀಗ್ ಇದೆ, ಆಡಲು ವಾರಗಳಿವೆ. ನಮ್ಮ ಹುಡುಗನಿಗೆ ಇರುವುದು ಒಂದು ಮಧ್ಯಾಹ್ನ.

ಇದನ್ನು ಬೇರೆ ಯಾರಿಗಾದರೂ ಬಿಡಿಸಿ ಹೇಳಬೇಕು, ಭದ್ರಾವತಿಯವರಿಗೆ ಹೇಳಬೇಕೇ? ಬೆಂಕಿಪುರವೆಂಬ ಹೆಸರಿದ್ದ ಊರು ನಮ್ಮದು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸತೊಡಗಿದರು. ಊದುಕುಲುಮೆಯನ್ನು ವರ್ಷಕ್ಕೆರಡು ದಿನ ಹಚ್ಚಿ, ಮುಖ್ಯ ಅತಿಥಿಗಳಿಗೆ ತೋರಿಸಿ, ಆರಿಸಿಬಿಟ್ಟರೆ ಕಬ್ಬಿಣ ಬರುತ್ತದೆಯೇ? ಅದು ಹಗಲೂ ರಾತ್ರಿ ಉರಿಯಬೇಕು, ಪಾಳಿಯ ಮೇಲೆ ಜನ ನಿಲ್ಲಬೇಕು. ನಮ್ಮಪ್ಪ ಅಂಥ ಪಾಳಿಯಲ್ಲಿ ದುಡಿದವರು. ಅವರಿಗೆ ಯಾರೂ ಕಪ್ ಕೊಡಲಿಲ್ಲ, ಆದರೆ ಹಾಜರಿ ಪುಸ್ತಕದಲ್ಲಿ ಅವರ ಒಂದೊಂದು ದಿನವೂ ಇತ್ತು.

ದುಡ್ಡೆಲ್ಲಿದೆ ಎನ್ನಬೇಡಿ. ಶಾಮಿಯಾನ, ದೀಪದ ಬಾಡಿಗೆ, ಹೊರಗಿನಿಂದ ಕರೆಸಿದ ಆಟಗಾರರ ಖರ್ಚು ಉಳಿಸಿದರೆ ವರ್ಷದ ಚೆಂಡು, ಸುಣ್ಣ, ರೆಫರಿಯ ಸಂಭಾವನೆಗೆ ದಾರಿಯಾಗುತ್ತದೆ. ಜನ ಬರುವುದಿಲ್ಲ ಎನ್ನಬೇಡಿ. ಮೊದಲ ವಾರ ಬರುವುದಿಲ್ಲ. ಪ್ರತಿ ಸೋಮವಾರ ಅಂಕಪಟ್ಟಿಯನ್ನು ಬಸ್ ನಿಲ್ದಾಣದಲ್ಲಿ ಬರೆದು ಹಾಕಿ, ಆರನೆಯ ವಾರ ನೋಡಿ. ದೂರ ಎನ್ನಲೇಬೇಡಿ. ತುಂಗೆ ಭದ್ರೆಯರು ಸೇರಲು ಕೂಡ್ಲಿಯವರೆಗೆ ಹೋಗುತ್ತಾರೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಇರುವುದು ಸುಮಾರು 20 ಕಿಲೋಮೀಟರ್, ಬಸ್ಸೂ ಇದೆ ರೈಲೂ ಇದೆ. ಅಲ್ಲಿಯ ನಾಲ್ಕು ತಂಡ, ಇಲ್ಲಿಯ ನಾಲ್ಕು ತಂಡ ಸಾಕು. ಮುಖ್ಯ ಅತಿಥಿಗಳನ್ನು ಐವತ್ತಾರನೆಯ ಆಟಕ್ಕೆ ಕರೆಯೋಣ. ಅವರಿಗೂ ಆಗ ಮಾತಾಡಲು ಏನಾದರೂ ಇರುತ್ತದೆ.

ಅಣ್ಣನ ಕಪ್ ಬೀರುವಿನಲ್ಲೇ ಇರಲಿ. ಅದರ ಪಕ್ಕದಲ್ಲಿ ಇಡಲು ನನಗೊಂದು ಇನ್ನೂರು ಪುಟದ ನೋಟುಪುಸ್ತಕ ಬೇಕು. ಯಾವ ಭಾನುವಾರ ಯಾರು ಆಡಿದರು, ಯಾರು ಗೋಲು ಹೊಡೆದರು, ಯಾರು ಚೆಂಡು ಬಿಟ್ಟರು, ಎಲ್ಲವನ್ನೂ ಬರೆದಿಟ್ಟ ಪುಸ್ತಕ. ಚೆಂಡು ಬಿಟ್ಟವನ ಹೆಸರೂ ಇರಲಿ, ಅವಮಾನವೇನಿಲ್ಲ. ಅದರ ಕೆಳಗಿನ ಸಾಲಿನಲ್ಲಿ ಮುಂದಿನ ಭಾನುವಾರದ ಆಟ ಇದ್ದರಾಯಿತು.