ಕ್ಯೂಬ್ ಒಡೆದರೆ ಬಾಳಿಕೆ ಗೊತ್ತಾಗುತ್ತಾ?

ಹುಲಿಗಿಗೆ ಹೋದವರು ಹುಲಿಗೆಮ್ಮನ ದರ್ಶನ ಮುಗಿಸಿ, ತುಂಗಭದ್ರಾ ಡ್ಯಾಮ್ ನೋಡದೆ ಹಂಗೇ ವಾಪಸ್ ಬರೋದು ಕಡಿಮೆ. ನಾವೂ ಅಲ್ಲಿ ಸೆಲ್ಫಿ ತಗೊಂಡವರೇ. ಆದರೆ ಆ ಗೋಡೆ ಯಾವುದರಿಂದ ಕಟ್ಟಿದ್ದು ಅಂತ ಯಾರಾದ್ರೂ ಕೇಳಿದ್ರೆ, ಸಿವಿಲ್‌ನವರೇ "ಕಾಂಕ್ರೀಟ್ ಅಲ್ಲೇನ್ರಿ?" ಅಂದುಬಿಡ್ತೀವಿ. ಅಲ್ಲ. ಅದು ಕಲ್ಲಿನ ಕಟ್ಟಡ. ಕಲ್ಲುಗಳನ್ನು ಹಿಡಿದಿರೋದು ಸುಣ್ಣ ಮತ್ತು ಸುರ್ಕಿಯ ಗಾರೆ. ಸುರ್ಕಿ ಅಂದ್ರೆ ಸುಟ್ಟ ಇಟ್ಟಂಗಿಯ ಪುಡಿ. 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಇವತ್ತಿಗೂ ನಿಂತಿದೆ.

ಇದನ್ನು ಯಾಕೆ ಹೇಳ್ತಿದ್ದೀವಿ ಅಂದ್ರೆ, ಆ ಗಾರೆಯನ್ನು ಕ್ಯೂಬ್ ಮಾಡಿ ನಮ್ಮ ಲ್ಯಾಬಿನ ಸಿಟಿಎಂನಲ್ಲಿ ಇಟ್ಟರೆ, ಇವತ್ತಿನ ಸಾಧಾರಣ ಎಂ20 ಕಾಂಕ್ರೀಟಿನ ಮುಂದೆಯೂ ಸೋಲುತ್ತೆ. ಬಲ ಬೇರೆ, ಬಾಳಿಕೆ ಬೇರೆ. ಸುಣ್ಣದ ಗಾರೆಗೆ ಒಂದು ಗುಣವಿದೆ. ಸಣ್ಣ ಬಿರುಕಿನಲ್ಲಿ ನೀರು ಹರಿದಾಗ ಸುಣ್ಣ ಸ್ವಲ್ಪ ಕರಗುತ್ತೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅದೇ ಬಿರುಕಿನಲ್ಲಿ ಕೂರುತ್ತೆ. ತನ್ನ ಗಾಯಕ್ಕೆ ತಾನೇ ಮದ್ದು. ಆದರೆ ನೀರಿನ ಹರಿವು ಜೋರಾದರೆ ಅದೇ ಸುಣ್ಣ ಕೊಚ್ಚಿಹೋಗಿ ಗೋಡೆ ಸೊರಗುತ್ತೆ. ಗಾಯ ಮಾಯುತ್ತೋ ಬೆಳೆಯುತ್ತೋ ಅನ್ನೋದನ್ನ ಹೆಚ್ಚಾಗಿ ನಿರ್ಧರಿಸೋದು ಬಿರುಕಿನ ಅಗಲ.

ಸಿಮೆಂಟ್ ಕಾಂಕ್ರೀಟಿನಲ್ಲೂ ಇದೇ ಕಥೆ. ನೀರು ತಾಗದೆ ಉಳಿದ ಸಿಮೆಂಟ್ ಕಣಗಳು ಬಿರುಕಿನಲ್ಲಿ ನೀರು ಸಿಕ್ಕಾಗ ಮತ್ತೆ ಗಟ್ಟಿಯಾಗ್ತವೆ, ಜೊತೆಗೆ ಕಾರ್ಬೊನೇಟ್ ಕೂರುತ್ತೆ. ಆದರೆ ಬಿರುಕು 0.05 ಮಿ.ಮೀ. ಆಸುಪಾಸಿನಲ್ಲಿದ್ದರೆ ಮಾತ್ರ ಇದು ಚೆನ್ನಾಗಿ ನಡೆಯುತ್ತೆ. ಐಎಸ್ 456 ಸಾಧಾರಣ ಪರಿಸರದಲ್ಲಿ 0.3 ಮಿ.ಮೀ. ಬಿರುಕಿನವರೆಗೂ ಒಪ್ಪುತ್ತೆ. ಅಷ್ಟು ಅಗಲದ್ದು ತಾನಾಗಿ ಪೂರ್ತಿ ಮುಚ್ಚಿಕೊಳ್ಳೋದು ಕಷ್ಟ.

ಇಲ್ಲೇ ಫೈಬರ್ ಕೆಲಸಕ್ಕೆ ಬರೋದು. ಮಿಶಿಗನ್ ವಿಶ್ವವಿದ್ಯಾಲಯದ ವಿಕ್ಟರ್ ಲೀ ಬೆಳೆಸಿದ ಇಸಿಸಿ ಎಂಬ ಮಿಶ್ರಣದಲ್ಲಿ ಗಾತ್ರದ ಲೆಕ್ಕದಲ್ಲಿ ಸುಮಾರು 2% ಪಿವಿಎ ನಾರು ಇರುತ್ತೆ. ಅದನ್ನು ಎಳೆದರೆ ಒಂದು ದೊಡ್ಡ ಸೀಳು ಬಿಡೋ ಬದಲು, ಕೂದಲೆಳೆಯಂಥ ಹತ್ತಾರು ಬಿರುಕು ಬಿಡುತ್ತೆ. ಒಂದೊಂದೂ ಸುಮಾರು 0.06 ಮಿ.ಮೀ. ಒಳಗೆ. ನಾರು ಗಾಯ ವಾಸಿ ಮಾಡಲ್ಲ. ವಾಸಿಯಾಗುವಷ್ಟು ಸಣ್ಣದಾಗಿ ಇಡುತ್ತೆ. ಉಳಿದ ಕೆಲಸ ನೀರು, ಸಿಮೆಂಟು ಮಾಡ್ಕೋತವೆ.

ಈಗ ನಮ್ಮ ಫೈನಲ್ ಇಯರ್ ಪ್ರಾಜೆಕ್ಟುಗಳನ್ನು ನೋಡೋಣ. ಫೈಬರ್ ಹಾಕ್ತೀವಿ, ಕ್ಯೂಬ್ ಎರಕ ಹೊಯ್ತೀವಿ, 7 ದಿನ, 28 ದಿನ ಬಿಟ್ಟು ಒಡೀತೀವಿ. ಬಲ ಅಷ್ಟೇನೂ ಏರಲ್ಲ. "ವಿಶೇಷ ಲಾಭವಿಲ್ಲ" ಅಂತ ಬರೆದು ಬೈಂಡಿಂಗ್‌ಗೆ ಕೊಡ್ತೀವಿ. ಇದು ಮೀನಿಗೆ ಮರ ಹತ್ತೋ ಪರೀಕ್ಷೆ ಇಟ್ಟಂಗೆ. ಫೈಬರಿನ ಗುಣ ಒತ್ತಿದಾಗ ಅಲ್ಲ, ಬಿರುಕು ಬಿಟ್ಟ ಮೇಲೆ ಕಾಣೋದು. ನಾವೋ, ಬಿರುಕು ಬಿಟ್ಟ ತಕ್ಷಣ ಮಷಿನ್ ಆಫ್ ಮಾಡ್ತೀವಿ.

ನಮ್ಮ ಸಲಹೆ ಸರಳ. ಫೈಬರ್ ಹಾಕಿದ ಸಿಲಿಂಡರಿನಿಂದ ಒಂದು ಬಿಲ್ಲೆ ಕತ್ತರಿಸಿ, ಸ್ಪ್ಲಿಟ್ ಟೆಸ್ಟಿನಲ್ಲಿ ಸಣ್ಣ ಬಿರುಕು ಬಿಡುವಷ್ಟು ಮಾತ್ರ ಒತ್ತಿ. ಬಿರುಕಿನ ಅಗಲ ಅಳೆಯಿರಿ. ಮೇಲೆ ಪಿವಿಸಿ ಪೈಪ್ ತುಂಡು ಅಂಟಿಸಿ ನೀರು ತುಂಬಿ, ದಿನಕ್ಕೆ ಎಷ್ಟು ಇಳಿಯಿತು ಅಂತ 28 ದಿನ ಬರೆದಿಡಿ. ಪಕ್ಕದಲ್ಲಿ ಫೈಬರ್ ಇಲ್ಲದ ಬಿಲ್ಲೆಯನ್ನೂ ಇಡಿ. ಅದು ಎರಡು ಹೋಳಾದರೆ ಅದೇ ಮೊದಲ ಪಾಠ. ಇದಕ್ಕೆ ಬ್ಯಾಕ್ಟೀರಿಯಾ ಬೇಡ, ಲಕ್ಷಗಟ್ಟಲೆ ದುಡ್ಡಿನ ಉಪಕರಣವೂ ಬೇಡ. ತಿಂಗಳುಪೂರ್ತಿ ದಿನಾ ಹೋಗಿ ನೋಡೋ ತಾಳ್ಮೆ ಬೇಕು, ಅಷ್ಟೇ.

"ತಾನೇ ವಾಸಿಯಾಗೋದಾದ್ರೆ ನೋಡೋದ್ಯಾಕೆ?" ಅಂತ ಕೇಳಬಹುದು. 2024ರ ಆಗಸ್ಟ್ 10ರ ರಾತ್ರಿ ಇದೇ ಡ್ಯಾಮಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ನಿವೃತ್ತ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯೋ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸೋ ತನಕ ನಮ್ಮ ಭಾಗದ ರೈತರು ಉಸಿರು ಬಿಗಿಹಿಡಿದು ಕೂತಿದ್ದರು. ಗಾರೆಗೆ ಮಾಯುವ ಗುಣ ಇದ್ದೀತು, ಚೈನಿಗೆ ಇಲ್ಲ. ವಸ್ತು ತನ್ನ ಪಾಲಿನ ಕೆಲಸ ಮಾಡುತ್ತೆ, ಮಿಕ್ಕಿದ್ದು ಅಳೆಯುವವರ ಪಾಲು.

ಮುಂದಿನ ಸಲ ಹುಲಿಗಿಗೆ ಹೋದಾಗ ಸೆಲ್ಫಿ ತಗೊಳ್ರಿ, ಬೇಡ ಅನ್ನಲ್ಲ. ಆಮೇಲೆ ಕ್ಯಾಮೆರಾ ತಿರುಗಿಸಿ ಗೋಡೆಯನ್ನೂ ಒಮ್ಮೆ ನೋಡ್ರಿ.