ನೆಲದೊಳಗಿನ ಕಾವಿಗೂ ಒಂದು ಬೆಲೆ ಇದೆ



ನಾವು ನೆಲ ಕೊರೆಸುವುದು ನೀರಿಗೆ. ಆಫ್ರಿಕಾದ ಕೀನ್ಯಾದಲ್ಲಿ ಹಬೆಗಾಗಿ ಕೊರೆಸುತ್ತಾರೆ. ನೈವಾಶಾ ಕೆರೆಯ ಹತ್ತಿರ ಒಲ್ಕಾರಿಯಾ ಎಂಬಲ್ಲಿ ಎರಡು-ಮೂರು ಕಿಲೋಮೀಟರ್ ಆಳಕ್ಕೆ ಬಾವಿ ಇಳಿಸಿ, ಭೂಮಿಯ ಕಾವಿಗೆ ಕುದಿದ ನೀರು, ಹಬೆ ಎರಡನ್ನೂ ಮೇಲಕ್ಕೆ ತಂದು ಟರ್ಬೈನು ತಿರುಗಿಸುತ್ತಾರೆ. 1981ರಲ್ಲಿ 15 ಮೆಗಾವ್ಯಾಟಿನ ಒಂದೇ ಯಂತ್ರದಿಂದ ಶುರುವಾದ ಕೆಲಸ. ಇವತ್ತು ಆ ದೇಶದ ಕರೆಂಟಿನಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಈ ಭೂಶಾಖದ್ದೇ. ಕಲ್ಲಿದ್ದಲು ಸುಡಬೇಕಾಗಿಲ್ಲ. ಮಳೆ ಕೈಕೊಟ್ಟರೂ, ಹೊತ್ತು ಮುಳುಗಿದರೂ ನಿಲ್ಲೋದಿಲ್ಲ. ನಡುರಾತ್ರಿ ಬ್ಯಾಟರಿ ಹಿಡಿದು ಪಂಪ್‌ಸೆಟ್ಟಿನ ಹತ್ತಿರ ಹೋಗಿ ಬಂದ ನಮಗೆ ಇದರ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೂ ಒಳ್ಳೆಯದೇ. ಆದರೆ ಆ ಹಬೆಯ ಮೇಲಿನ ನೆಲದಲ್ಲಿ ಬದುಕಿದ್ದವರ ಗತಿ ಏನಾಯಿತು, ಅದನ್ನೂ ಕೇಳಿ. ಅದು ಮಾಸಾಯಿ ಜನ ದನ ಮೇಯಿಸಿಕೊಂಡಿದ್ದ ಜಾಗ. 140 ಮೆಗಾವ್ಯಾಟಿನ ನಾಲ್ಕನೇ ಸ್ಥಾವರಕ್ಕಾಗಿ 2014ರಲ್ಲಿ ಸುಮಾರು 150 ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿದರು. ಹೊಸ ಜಾಗದಲ್ಲಿ ಮನೆ ಕಟ್ಟಿಕೊಟ್ಟರು, ನಿಜ. ಆದರೆ ನೆಲದ ಹಕ್ಕುಪತ್ರ ಕೈಗೆ ಬರಲು ತಡವಾಯಿತು, ರಸ್ತೆ ಸರಿಯಿರಲಿಲ್ಲ. ಜನ ಸುಮ್ಮನೆ ಕೂರಲಿಲ್ಲ. ಸಾಲ ಕೊಟ್ಟಿದ್ದ ವಿಶ್ವಬ್ಯಾಂಕಿಗೇ ದೂರು ಕೊಟ್ಟರು. ಬ್ಯಾಂಕು ತನ್ನ ನಿಯಮಗಳನ್ನೇ ಸರಿಯಾಗಿ ಪಾಲಿಸಿಲ್ಲವೆಂದು 2015ರಲ್ಲಿ ಅದರ ತನಿಖಾ ಮಂಡಳಿಯೇ ಹೇಳಿತು. ಆಮೇಲೇ ರಾಜಿ ಮಾತುಕತೆ ನಡೆದದ್ದು. ಅದೇ ನೈವಾಶಾದ ಒಂದು ದೊಡ್ಡ ಹೂವಿನ ಕಂಪನಿ ಮಾತ್ರ ಎಷ್ಟೋ ವರ್ಷ ಮೊದಲೇ ಅದೇ ಕಾವಿನಿಂದ ತನ್ನ ಗುಲಾಬಿ ಮನೆಗಳನ್ನು ಬೆಚ್ಚಗಿಟ್ಟುಕೊಂಡಿತ್ತು.

ಕೀನ್ಯಾದ ಕಥೆ ನಮಗ್ಯಾಕೆ ಅಂತೀರಾ? ಲಡಾಖಿನ ಪುಗಾ ಕಣಿವೆಯಲ್ಲಿ ಇಂಥದೇ ವಿದ್ಯುತ್ತಿಗಾಗಿ ಓಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಅದೂ ಕುರಿ-ಮೇಕೆ ಕಾಯುವವರ ಸೀಮೆ. 2025ರಲ್ಲಿ ಕೇಂದ್ರ ಸರ್ಕಾರ ಭೂಶಾಖಕ್ಕೆಂದೇ ರಾಷ್ಟ್ರೀಯ ನೀತಿ ಪ್ರಕಟಿಸಿದೆ. ಹಬೆಯಾಗಲಿ, ಬಿಸಿಲಾಗಲಿ, ಗಾಳಿಯಾಗಲಿ, ಕರೆಂಟು ಮಾಡಲು ಬೇಕಾದದ್ದು ಯಾರದೋ ಕಾಲಡಿಯ ನೆಲವೇ ತಾನೆ?

ನಮ್ಮ ಪಾವಗಡವನ್ನು ನೋಡಿ. ಅಲ್ಲಿನ ಸೋಲಾರ್ ಪಾರ್ಕಿಗೆ ರೈತರು ಸುಮಾರು 13,000 ಎಕರೆ ಕೊಟ್ಟರು, ಆದರೆ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಏರುತ್ತಾ ಹೋಗುವ ಗುತ್ತಿಗೆ. ಪಹಣಿಯಲ್ಲಿ ಹೆಸರು ಉಳಿಯಿತು. ಅದು ಜಾಣತನ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ತನ್ನದೆಂಬ ತುಂಡು ನೆಲವಿಲ್ಲದವನಿಗೆ ಗುತ್ತಿಗೆಯಲ್ಲಿ ಬಿಡಿಗಾಸೂ ಇಲ್ಲ. ಅದು ಅನ್ಯಾಯ.

ನಾವು ಹೊಸ ವಿದ್ಯುತ್ತಿಗೆ ಅಡ್ಡಗಾಲು ಹಾಕುವವರಲ್ಲ. ಕೇಳುವುದು ಇಷ್ಟೇ: ನೆಲ ಗುತ್ತಿಗೆಗೆ, ಕ್ರಯಕ್ಕಲ್ಲ. ಹುಟ್ಟಿದ ಪ್ರತಿ ಯೂನಿಟ್ಟಿನಲ್ಲಿ ಆ ಊರಿಗೆ ಒಂದು ಪಾಲು, ಕೂಲಿಯವನಿಗೂ ಸೇರಿ. ಹಕ್ಕುಪತ್ರ ಮೊದಲು, ಬುಲ್ಡೋಜರ್ ಆಮೇಲೆ. ಮಾಸಾಯಿಗಳು ಎದ್ದ ಮೇಲೆ ಕೇಳಬೇಕಾಯಿತು. ನಾವು ಏಳುವ ಮುಂಚೆಯೇ ಕೇಳೋಣ. ಸರ್ವೆ ಮಾಡುವವರು ಊರಿಗೆ ಬಂದ ದಿನವೇ ಗ್ರಾಮಸಭೆ ಕರೆಯಿರಿ. ಕಾಗದ ಪೂರ್ತಿ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ.