ನಿವೃತ್ತರ ಸೊಂಟದ ಪಿಸ್ತೂಲು

ಸಮವಸ್ತ್ರ ಕಳಚಿಟ್ಟ ಪೊಲೀಸರ ಬೆನ್ನಿಗೆ ಹಳೆಯ ಹಗೆ ಅಂಟಿಕೊಂಡೇ ಇರುತ್ತದೆ. ಅವರು ಜೈಲಿಗಟ್ಟಿದವರು ಒಂದು ದಿನ ಹೊರಬರುತ್ತಾರೆ. ಅಮೆರಿಕ 2004ರಲ್ಲಿ ತಂದ ಫೆಡರಲ್ ಕಾನೂನು ಈ ಭಯವನ್ನು ಮನಗಂಡಿದೆ. ಕಳಂಕವಿಲ್ಲದೆ ಸೇವೆ ಮುಗಿಸಿದ ಅಧಿಕಾರಿ ಬಹುತೇಕ ದೇಶದೆಲ್ಲೆಡೆ ಪಿಸ್ತೂಲನ್ನು ಮರೆಯಲ್ಲಿಟ್ಟುಕೊಂಡು ಓಡಾಡಬಹುದು. ರಾಜ್ಯಕ್ಕೊಂದು ಪರವಾನಗಿ ಬೇಕಿಲ್ಲ. ಮೊದಲು ಹದಿನೈದು ವರ್ಷಗಳ ಸೇವೆ ಬೇಕಿತ್ತು, 2010ರ ತಿದ್ದುಪಡಿ ಅದನ್ನು ಹತ್ತಕ್ಕೆ ಇಳಿಸಿತು.

ಈ ಕಾನೂನಿನಲ್ಲಿ ನಾವು ಮೆಚ್ಚುವುದು ವಾರ್ಷಿಕ ಪರೀಕ್ಷೆಯನ್ನು. ತಲೆ ನರೆತವರೂ ಸ್ವಂತ ಖರ್ಚಿನಲ್ಲಿ ಫೈರಿಂಗ್ ರೇಂಜ್‌ಗೆ ಹೋಗಿ, ಕಾಗದದ ಗುರಿಯ ಮುಂದೆ ನಿಂತು, ಕೈ ನಡುಗದೆಂದು ತೋರಿಸಬೇಕು. ಹನ್ನೆರಡು ತಿಂಗಳೊಳಗಿನ ಆ ಪ್ರಮಾಣಪತ್ರವೂ ಭಾವಚಿತ್ರವಿರುವ ಗುರುತಿನ ಚೀಟಿಯೂ ಜೇಬಿನಲ್ಲಿರಬೇಕು. ಕುಡಿದಿದ್ದರೆ ಈ ರಕ್ಷಣೆಯಿಲ್ಲ.

ಕೊರತೆಯೂ ಇದೆ. ಗುರಿ ಪರೀಕ್ಷಿಸುವ ಕಾನೂನು ಮನಸ್ಸನ್ನು ವರ್ಷವರ್ಷ ಪರೀಕ್ಷಿಸುವುದಿಲ್ಲ. ಖಿನ್ನತೆ, ಮರೆವು ನಿವೃತ್ತಿಯ ನಂತರವೂ ಬರಬಹುದಲ್ಲವೇ? ಮನೆಯಲ್ಲಿ ಗುಂಡು ತುಂಬಿದ ಆಯುಧವಿದ್ದಾಗ ಅದರ ಅಪಾಯ ಮೊದಲು ತಟ್ಟುವುದು ಆ ಅಧಿಕಾರಿಗೆ, ಅವರ ಹೆಂಡತಿ ಮಕ್ಕಳಿಗೆ. ಗುರಿ ಪರೀಕ್ಷೆಯ ಜೊತೆಗೆ ವೈದ್ಯಕೀಯ ತಪಾಸಣೆಯನ್ನೂ ಅಮೆರಿಕದ ಸಂಸತ್ತು ಕಡ್ಡಾಯ ಮಾಡಬೇಕು.